ಚಕ್ರಕ್ಕೊಂದು ಕಲ್ಲು

ಸೋಡರ್‌ಟೆಲ್ಯೆ
೩ ನವೆಂಬರ್ ೨೦೨೪

ಸಂಜಯ್,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡೋಣ ಅಂತ ಪೆನ್ನು ಹಿಡಿದೆ. ಆದರೆ ಈ ಮನೆಯಲ್ಲಿ ‘ಎಲ್ಲರೂ’ ಅನ್ನಿಸಿಕೊಳ್ಳಲು ಸದ್ಯಕ್ಕೆ ನಾನೊಬ್ಬಳೇ ಇರುವುದು, ನನಗೋ ನೆಗಡಿ. ಹಾಗಾಗಿ ಆ ಸಾಲು ಬಿಟ್ಟಿದ್ದೇನೆ.

ಕೊಮ್ಯೂನ್ ಅನ್ನುವ ಇಲ್ಲಿನ ನಗರಸಭೆಯ ಆಫೀಸಿನಲ್ಲಿ ಗಂಡ ಹೆಂಡಿರ ಜಗಳ ಕೇಳಲೆಂದೇ ಕೂತಿರುವ ಮರ್ಗರೇಟಾ ಹೇಳಿದ್ದು ನಿನಗೂ ನೆನಪಿರಬೇಕು. ಫೋನ್ ಹಿಡಿದರೆ ನೀವು ಮೂರನೇ ಮಾತಿಗೆ ಕಿತ್ತಾಡುತ್ತೀರಿ, ಚಳಿಗಾಲ ಮುಗಿಯುವವರೆಗೆ ಫೋನೂ ಬೇಡ ಮೆಸೇಜೂ ಬೇಡ, ನಿಮ್ಮ ಭಾಷೆಯಲ್ಲೇ ಕೈಯಾರೆ ಕಾಗದ ಬರೆಯಿರಿ, ಒಟ್ಟಿಗಿರುತ್ತೀರೋ ಬೇರೆಯಾಗುತ್ತೀರೋ ಅನ್ನುವುದನ್ನು ಮಾರ್ಚ್ ಕೊನೆಗೆ ಇಲ್ಲೇ ಕೂತು ತೀರ್ಮಾನಿಸೋಣ ಅಂದರು. ನೀನು ದೊಡ್ಡದಾಗಿ ತಲೆಯಾಡಿಸಿದೆ. ಮಾರನೇ ವಾರವೇ ಕಾರ್ಲ್‌ಸ್ಕ್ರೂನಾದಲ್ಲಿ ಹೊಸ ಕೆಲಸ ಅಂತ ರೈಲು ಹತ್ತಿದೆ. ಅಲ್ಲಿಂದ ಒಂದು ಅಕ್ಷರ ಬರಲಿಲ್ಲ. ಯಾರಾದರೂ ಶುರುಮಾಡಬೇಕಲ್ಲ, ಎಂದಿನಂತೆ ನಾನೇ.

ವಿಷಯ ನಿನ್ನ ಕಾರಿನದು. ಮೊನ್ನೆ ಗಾಳಿಗೆ ಅದರ ಹೊದಿಕೆ ಹಾರಿಹೋಗಿ ಪಕ್ಕದ ಕಟ್ಟಡದ ಸೈಕಲ್ ಸ್ಟ್ಯಾಂಡಿಗೆ ಸಿಕ್ಕಿಕೊಂಡಿತ್ತು. ಬೆಳಿಗ್ಗೆ ನೋಡಿದರೆ ಬಟ್ಟೆಯ ಛಾವಣಿಯ ಮೇಲೆಲ್ಲ ಬಿಳಿ ಹಿಮದ ಪುಡಿ. ಆಫೀಸಿಗೆ ಹೋಗುವ ಆತುರದಲ್ಲಿ ನಾನು ಅದನ್ನು ಒರೆಸುತ್ತ ನಿಂತಿದ್ದೆ. ಯಾರ ಕಾರು, ಯಾರು ಒರೆಸುತ್ತಿರುವುದು? ಇಪ್ಪತ್ತು ವರ್ಷದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು, ತಂದವನಿಗೆ ಈ ದೇಶದ ಲೈಸೆನ್ಸೇ ಇಲ್ಲ. ನಮ್ಮ ಮೈಸೂರಿನ ಲೈಸೆನ್ಸು ಇಲ್ಲಿ ಒಂದೇ ವರ್ಷ ನಡೆಯುವುದು ಅಂತ ಗೊತ್ತಿದ್ದೂ ನೀನು ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ತಳ್ಳಿಕೊಂಡೇ ಬಂದೆ. ನಾನು ಓದಿ, ಪರೀಕ್ಷೆ ಕಟ್ಟಿ, ಪಾಸಾದೆ. ಅದಕ್ಕೇ ತಾನೇ ಕಾರು ನನ್ನ ಹೆಸರಿನಲ್ಲಿರುವುದು?

ಮಾತಿನಲ್ಲಿ ನಾವು ಇದರ ಹತ್ತಿರ ಹೋಗುವುದೇ ಇಲ್ಲ, ಕಾಗದದಲ್ಲಾದರೂ ಬರೆದುಬಿಡುತ್ತೇನೆ. ಏಪ್ರಿಲ್‌ನಲ್ಲಿ, ಬಸುರಿನ ಐದನೇ ತಿಂಗಳಲ್ಲಿ, ನಮ್ಮ ಮಗು ಹೋಯಿತು. ಮೇ ತಿಂಗಳಲ್ಲಿ ನೀನು ಎರಡೇ ಸೀಟಿನ ಕಾರು ತರಿಸಿ ಬಾಗಿಲಲ್ಲಿ ನಿಲ್ಲಿಸಿದೆ. ಇನ್ನು ಈ ಮನೆಗೆ ಮೂರನೆಯವರು ಬರುವುದಿಲ್ಲ ಎಂದು ಚಿಲಕ ಜಡಿದ ಹಾಗಾಯಿತು ನನಗೆ. ಅವತ್ತಿನಿಂದ ನಾನು ಆ ಕಾರಿನಲ್ಲಿ ಕೂತಿಲ್ಲ.

ಯಾಕೆ ಎರಡು ಸೀಟು? ನಾನು ಕೇಳುತ್ತಿರುವುದು ಇದೊಂದೇ. ಹೇಳಲು ಏನೂ ಇಲ್ಲದಿದ್ದರೆ ಬೇಡ. ಕಾರು ಮಾರಿಬಿಡುತ್ತೇನೆ. ನಮ್ಮಿಬ್ಬರ ನಡುವೆ ಉಳಿದಿರುವುದು ಅದೊಂದೇ, ಅದೂ ಹೋದರೆ ಮರ್ಗರೇಟಾಗೂ ಕೆಲಸ ಸುಲಭ.

ಪಾವನಾ


ಕಾರ್ಲ್‌ಸ್ಕ್ರೂನಾ
೧೦ ನವೆಂಬರ್

ಪಾವನಾ,

ಕಾಗದ ಬಂತು. ಕವರಿನ ಮೇಲೆ ನಿನ್ನ ಅಕ್ಷರ ನೋಡಿ ಶೂ ಬಿಚ್ಚುವುದನ್ನೂ ಮರೆತು ಮೆಟ್ಟಿಲ ಮೇಲೇ ಕೂತು ಓದಿದೆ. ನೆಗಡಿಗೆ ಮೆಣಸಿನ ಸಾರು ಮಾಡಿಕೋ. ಮೆಣಸು ಎಡಗಡೆಯ ಕಪಾಟಿನಲ್ಲಿ, ಓಟ್ಸ್ ಡಬ್ಬಿಯ ಹಿಂದೆ ಇದೆ.

ಮಾರುವುದಾದರೆ ಮಾರು, ಬೇಡ ಅನ್ನುವುದಿಲ್ಲ. ಆದರೆ ಈಗ ಯಾರೂ ಕೊಳ್ಳುವುದಿಲ್ಲ. ಇಲ್ಲಿನವರು ಈ ಜಾತಿಯ ಕಾರುಗಳನ್ನು ಅಕ್ಟೋಬರ್‌ನಲ್ಲಿ ಮಲಗಿಸಿದರೆ ಏಪ್ರಿಲ್‌ನಲ್ಲಿ ಎಬ್ಬಿಸುವುದು. ನಮಗೆ ಮಲಗಿಸಲು ಗ್ಯಾರೇಜ್ ಇಲ್ಲ. ಬಯಲಿನಲ್ಲಿ ಸುಮ್ಮನೆ ನಿಂತರೆ ಬ್ಯಾಟರಿ ಸಾಯುತ್ತದೆ, ಸತ್ತ ಕಾರನ್ನು ಯಾರು ಕೇಳುತ್ತಾರೆ? ಮಾರುವವರೆಗಾದರೂ ವಾರಕ್ಕೊಂದು ಸಲ ಓಡಿಸು.

ಚಳಿಗಾಲದ ಟೈರುಗಳು ನೆಲಮಾಳಿಗೆಯಲ್ಲಿ ನಮ್ಮ ಸೂಟ್‌ಕೇಸುಗಳ ಹಿಂದಿವೆ. ಮೊಳೆ ಹೊಡೆದ ಟೈರುಗಳು. ನಾಲ್ಕನ್ನೂ ಹಾಕಿಸು, ಎರಡಕ್ಕೆ ಸುಮ್ಮನಾಗಬೇಡ. ಇನ್ನೊಂದು ಮುಖ್ಯವಾದದ್ದು. ನೀನು ಕಲಿತ ಕಾರುಗಳೆಲ್ಲ ಮುಂದಿನ ಚಕ್ರದ ಬಲದಿಂದ ಎಳೆದುಕೊಂಡು ಹೋಗುವಂಥವು. ಇದಕ್ಕೆ ಬಲ ಇರುವುದು ಹಿಂದಿನ ಚಕ್ರದಲ್ಲಿ, ಇದು ತಳ್ಳಿಕೊಂಡು ಹೋಗುತ್ತದೆ. ಹಿಂಭಾಗವೋ ಬಲು ಹಗುರ. ಹಿಮದ ಮೇಲೆ ತಿರುವಿನಲ್ಲಿ ಒಂದು ಚೂರು ಜಾಸ್ತಿ ಆಕ್ಸಿಲರೇಟರ್ ಕೊಟ್ಟರೂ ಬಾಲ ಪಕ್ಕಕ್ಕೆ ಹೋಗಿಬಿಡುತ್ತದೆ. ಹೋದರೆ ಬ್ರೇಕ್ ಒತ್ತಬೇಡ. ಕಾಲು ಎತ್ತು, ಬಾಲ ಯಾವ ಕಡೆ ಹೋಯಿತೋ ಅದೇ ಕಡೆ ಸ್ಟೀರಿಂಗ್ ತಿರುಗಿಸು, ಅದು ಸರಿಯಾಗುವವರೆಗೆ ಕಾಯಿ. ಹೊರಡುವಾಗ ಮೊದಲನೇ ಗೇರ್ ಬೇಡ, ಎರಡನೆಯದರಲ್ಲಿ ಮೆಲ್ಲಗೆ ಬಿಡು. ಡಿಕ್ಕಿಯಲ್ಲಿ ಏನಾದರೂ ಭಾರ ಇಡು. ಇಲ್ಲಿನವರು ಮರಳಿನ ಚೀಲ ಇಡುತ್ತಾರೆ.

ಲೈಸೆನ್ಸ್ ಇಲ್ಲದವನು ಇಷ್ಟೆಲ್ಲ ಹೇಳುತ್ತಾನಲ್ಲ ಅಂತ ನಗಬೇಡ. ನಕ್ಕರೂ ಪರವಾಗಿಲ್ಲ.

ಸಂಜಯ್


ಸೋಡರ್‌ಟೆಲ್ಯೆ
೨೪ ನವೆಂಬರ್

ಸಂಜಯ್,

ಮೆಣಸು ಸಿಕ್ಕಿತು. ಸಾರು ಖಾರವಾಯಿತು, ನೆಗಡಿ ಹೋಯಿತು.

ಟೈರು ಹಾಕಿಸಿದೆ. ಮರಳು ಎಲ್ಲಿಂದ ತರಲಿ? ಕೆಳಗಿನ ಮನೆಯ ಅತೀಕ್ ಸೋಲ್ನಾ ಕಡೆ ನಮ್ಮವರ ಅಂಗಡಿಗೆ ಹೋಗುತ್ತಿದ್ದರು, ಎರಡು ಮೂಟೆ ಸೋನಾ ಮಸೂರಿ ತರಿಸಿ ಡಿಕ್ಕಿಗೆ ಹಾಕಿದ್ದೇನೆ. ಅಷ್ಟಕ್ಕೇ ಡಿಕ್ಕಿ ಭರ್ತಿ. ಒಬ್ಬಳಿಗೆ ಇಷ್ಟು ಅಕ್ಕಿ ಯಾಕೆ ಅಂತ ಅವರು ಕೇಳಲಿಲ್ಲ, ಆದರೆ ಮುಖದಲ್ಲಿ ಇತ್ತು. ಕಾರಿಗೆ ಅಂದೆ. ಆಗ ಇನ್ನೂ ವಿಚಿತ್ರವಾಗಿ ನೋಡಿದರು.

ಗುರುವಾರ ಹಿಮ ಬಿತ್ತು, ಮೊಣಕಾಲುದ್ದ. ಶನಿವಾರ ಧೈರ್ಯ ಮಾಡಿ ಹೊರಟೆ. ನೀನು ಹೇಳಿದ ಹಾಗೆ ಎರಡನೇ ಗೇರು, ಮೆಲ್ಲಗೆ, ಕೋಳಿಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ. ಸ್ಟೇಷನ್ನಿನ ಹತ್ತಿರದ ವೃತ್ತದವರೆಗೆ ಎಲ್ಲ ಸರಿಯಿತ್ತು. ಅಲ್ಲಿ ತಿರುಗಿಸುವಾಗ ಹಿಂದಿನಿಂದ ಯಾರೋ ಸೊಂಟ ಹಿಡಿದು ತಳ್ಳಿದ ಹಾಗಾಯಿತು. ಕಾರಿನ ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ. ನಿನ್ನ ಪಾಠ ಒಂದೂ ನೆನಪಾಗಲಿಲ್ಲ. ನಾನು ಏನು ಮಾಡಿದೆ ಹೇಳು ನೋಡೋಣ? ಹಾರ್ನ್ ಹೊಡೆದೆ. ಯಾರಿಗೆ ಅಂತ ಕೇಳಬೇಡ. ಕಾರು ಅಡ್ಡಡ್ಡ ಜಾರುತ್ತಿದೆ, ನಾನು ಎರಡೂ ಕೈಯಲ್ಲಿ ಹಾರ್ನ್ ಒತ್ತುತ್ತಿದ್ದೇನೆ, ಮೈಸೂರಿನ ಧನ್ವಂತರಿ ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ ಒತ್ತುತ್ತಿದ್ದ ಹಾಗೆ. ಕಾರು ತಾನಾಗಿಯೇ ಹಿಮದ ರಾಶಿಗೆ ಮೂತಿ ತೂರಿಸಿ ನಿಂತಿತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕ ಬಂದು, ನಾಯಿಯನ್ನು ಕಂಬಕ್ಕೆ ಕಟ್ಟಿ, ಕಾರನ್ನು ಹಿಂದಕ್ಕೆ ತಳ್ಳಿಕೊಟ್ಟು ಹೋದ.

ಮನೆ ಮುಂದೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಕಟಕಟ ಅನ್ನುವಂತೆ ಪೂರ್ತಿ ಮೇಲಕ್ಕೆ ಎಳೆದೆ. ಮೈಸೂರಿನ ಡ್ರೈವಿಂಗ್ ಸ್ಕೂಲಿನ ಮಧುಸೂದನ್ ಮೇಷ್ಟ್ರು ನೆನಪಾದರು. ಬೇರೆ ಏನು ಮರೆತರೂ ಬಯ್ಯುತ್ತಿರಲಿಲ್ಲ, ಹ್ಯಾಂಡ್‌ಬ್ರೇಕ್ ಮರೆತರೆ ಮಾತ್ರ ತಲೆಗೆ ಮೊಟಕುತ್ತಿದ್ದರಲ್ಲ.

ಇನ್ನು ನಿನ್ನ ಕಾಗದಕ್ಕೆ ಬರೋಣ. ಟೈರಿನ ಬಗ್ಗೆ ಬರೆದಿದ್ದೀಯ, ಬ್ಯಾಟರಿಯ ಬಗ್ಗೆ ಬರೆದಿದ್ದೀಯ, ಮೆಣಸಿನ ಬಗ್ಗೆಯೂ ಬರೆದಿದ್ದೀಯ. ನಾನು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಅರ್ಧ ಸಾಲೂ ಇಲ್ಲ. ನನಗೆ ಕೋಪ ಬಂದಿದೆ ಸಂಜಯ್, ಮತ್ತು ಇದು ಕಾಗದವಾದ್ದರಿಂದ ನೀನು ಎದ್ದು ಬಾಲ್ಕನಿಗೆ ಹೋಗಿ ನಿಲ್ಲುವ ಹಾಗಿಲ್ಲ.

ಪಾವನಾ


ಕಾರ್ಲ್‌ಸ್ಕ್ರೂನಾ
೩ ಡಿಸೆಂಬರ್

ಪಾವನಾ,

ಈ ಮನೆಗೂ ಬಾಲ್ಕನಿ ಇದೆ. ನಿನ್ನ ಕಾಗದ ಹಿಡಿದುಕೊಂಡು ಹೋಗಿ ಅಲ್ಲೇ ನಿಂತಿದ್ದೆ.

ಬರೆಯುತ್ತೇನೆ. ಎರಡು ಸಲ ಬರೆದು ಹರಿದೆ. ಬರೆಯುವುದಿಲ್ಲ ಅಂತ ಅಂದುಕೊಳ್ಳಬೇಡ. ಅಲ್ಲಿಯವರೆಗೆ ಒಂದು ಮಾತು ಕೇಳು. ಎಲ್ಲಾದರೂ ಖಾಲಿ ಬಯಲು ನೋಡಿ, ಯಾರೂ ಇಲ್ಲದ ಹೊತ್ತಿನಲ್ಲಿ, ಬೇಕೆಂದೇ ಕಾರನ್ನು ಜಾರಿಸಿ ನೋಡು. ಬೇಕೆಂದೇ ಜಾರಿಸಿ ಅಭ್ಯಾಸವಾದರೆ, ಬೇಡದೆ ಜಾರಿದಾಗ ಕೈಕಾಲು ಆಡುತ್ತವೆ.

ಸಂಜಯ್


ಸೋಡರ್‌ಟೆಲ್ಯೆ
೨೨ ಡಿಸೆಂಬರ್

ಸಂಜಯ್,

ಕಾದೆ. ಬರಲಿಲ್ಲ. ಹಾಗಾಗಿ ಮೊದಲು ಸುದ್ದಿ ಹೇಳುತ್ತೇನೆ. ಕಾರಿಗೆ ಗಿರಾಕಿ ಸಿಕ್ಕಿದ್ದಾನೆ. ಉಪ್ಸಾಲಾದವನು, ಶಾಲಾಮಾಸ್ತರು. ಚಳಿಗಾಲದಲ್ಲಿ ಕೊಂಡರೆ ವಸಂತಕ್ಕೆ ಸಿದ್ಧವಾಗಿರುತ್ತದೆ ಅನ್ನುವ ಲೆಕ್ಕ ಅವನದು. ಜನವರಿ ಹನ್ನೊಂದರ ಶನಿವಾರ ಬಂದು ಓಡಿಸಿ ನೋಡಿ ತೆಗೆದುಕೊಂಡು ಹೋಗುತ್ತಾನಂತೆ. ನಾನು ಆಗಲಿ ಅಂದಿದ್ದೇನೆ.

ಇನ್ನೊಂದು ವಿಷಯ. ಹೇಳಬಾರದು ಅಂದುಕೊಂಡಿದ್ದೆ, ಆದರೆ ಹೇಳಲು ನನಗೆ ಬೇರೆ ಯಾರಿದ್ದಾರೆ?

ಹೋದ ಭಾನುವಾರ ಬೆಳಿಗ್ಗೆ ಕಾರು ತೆಗೆದುಕೊಂಡು ಕೆರೆಯ ದಡದ ಪಾರ್ಕಿಂಗ್ ಜಾಗಕ್ಕೆ ಹೋದೆ. ಬೇಸಿಗೆಯಲ್ಲಿ ಈಜಲು ಬರುವವರ ಕಾರು ನಿಲ್ಲುತ್ತವಲ್ಲ, ಅಲ್ಲಿ. ಈಗ ಒಂದು ಕಾಗೆಯೂ ಇರಲಿಲ್ಲ. ಒಬ್ಬಳೇ ಹೋಗಲು ಭಯವಾಗಿ ಅತೀಕ್ ಅವರ ಹೆಂಡತಿ ನಾಹಿದ್‌ನ ಕರೆದುಕೊಂಡಿದ್ದೆ. ಹುಬ್ಬಳ್ಳಿಯವಳು, ನನ್ನ ಜತೆ ಮಾತಾಡುವಾಗ ಮೈಸೂರು ಕನ್ನಡ ತರಿಸಿಕೊಳ್ಳಲು ನೋಡುತ್ತಾಳೆ, ಭಯವಾದರೆ ಮಾತ್ರ ಹುಬ್ಬಳ್ಳಿ ತಾನಾಗಿಯೇ ಬರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದೆ. ಕಾರು ಬುಗುರಿಯ ಹಾಗೆ ಒಂದು ಸುತ್ತು ಪೂರ್ತಿ ತಿರುಗಿ ಹೊರಟ ಕಡೆಗೇ ಮೂತಿ ಮಾಡಿ ನಿಂತಿತು. ನಾಹಿದ್ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಲ್ಲಿಸಲು ಆಗಲೇ ಇಲ್ಲ.

“ಅಷ್ಟು ನಗಬ್ಯಾಡ ಪಾವನಾ, ಆಮ್ಯಾಲೆ ಅಳ್ತೀದಿ,” ಅಂದಳು ಅವಳು.

ಹಾಗೇ ಆಯಿತು. ಏಪ್ರಿಲ್‌ನಿಂದ ನಾನು ಅತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅಳಲಿಲ್ಲ, ನಿನ್ನ ಮುಂದೆ ಅಳಲಿಲ್ಲ, ಅಮ್ಮನ ಫೋನಿನಲ್ಲಿ ಅಳಲಿಲ್ಲ. ಅವತ್ತು ಆ ಹಾಳು ಕಾರಿನಲ್ಲಿ ಕೂತು ಗಾಜೆಲ್ಲ ಮಬ್ಬಾಗುವವರೆಗೆ ಅತ್ತೆ. ನಾಹಿದ್ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನನ್ನ ಅಳು ನಿಂತ ಮೇಲೆ ಗಾಜು ಒರೆಸಿ, “ಇನ್ನೊಮ್ಮೆ ತಿರುಗಸು,” ಅಂದಳು.

ಏಳೆಂಟು ಸಲ ತಿರುಗಿಸಿದೆ. ಕೊನೆಯ ಎರಡು ಸಲ ಬಾಲ ಹೋದಾಗ ಕಾಲೆತ್ತಿ, ಸ್ಟೀರಿಂಗ್ ಅದೇ ಕಡೆ ತಿರುಗಿಸಿ, ಕಾದೆ. ಕಾರು ನೆಟ್ಟಗಾಯಿತು. ನೀನು ಹೇಳಿದ್ದು ಸರಿ ಇದೆ. ಅದನ್ನು ನೋಡಲು ನೀನು ಅಲ್ಲಿ ಇರಬೇಕಿತ್ತು ಅನಿಸಿತು, ಅನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಹೊಸ ವರ್ಷಕ್ಕೆ ಒಳ್ಳೆಯದಾಗಲಿ.

ಪಾವನಾ


ಕಾರ್ಲ್‌ಸ್ಕ್ರೂನಾ
೫ ಜನವರಿ ೨೦೨೫

ಪಾವನಾ,

ನಿನ್ನೆ ಜಾರುವ ರಸ್ತೆಯ ತರಬೇತಿಗೆ ಹೋಗಿದ್ದೆ. ಹೌದು, ನಾನೇ. ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ, ವಾರಕ್ಕೆರಡು ದಿನ ಕ್ಲಾಸಿಗೆ ಹೋಗುತ್ತಿದ್ದೇನೆ. ನೀನು ಇದನ್ನೆಲ್ಲ ಯಾವತ್ತೋ ಮುಗಿಸಿದವಳು, ಅದಕ್ಕೇ ಹೇಳಲು ನಾಚಿಕೆಯಾಗಿತ್ತು. ಜೋರಾಗಿ ಓಡಿಸಲು ಹೇಳಿ, ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿಸಿದರು. ಕಾರು ನಿಂತದ್ದು ಅಲ್ಲೆಲ್ಲೋ ದೂರದಲ್ಲಿ, ಹಿಂದುಮುಂದಾಗಿ. ಪಕ್ಕದಲ್ಲಿದ್ದ ಹೆಂಗಸು ಟಿಪ್ಪಣಿ ಬರೆದುಕೊಂಡು, ಈಗ ಮತ್ತೊಂದು ಸಲ, ಈ ಸಲ ಆತುರ ಬೇಡ ಅಂದರು.

ಅಲ್ಲಿಂದ ಬಂದು ಇದನ್ನು ಬರೆಯುತ್ತಿದ್ದೇನೆ. ಈ ಸಲ ಹರಿಯುವುದಿಲ್ಲ.

ನಾವಿಬ್ಬರೂ ಹೋಗಿ ನೋಡಿಟ್ಟಿದ್ದ ಆ ದೊಡ್ಡ ಬೂದು ಬಣ್ಣದ ಕಾರು ನೆನಪಿದೆಯಾ? ನೀನು ಹಿಂದಿನ ಸೀಟಿನಲ್ಲಿ ಕೂತು ಕಾಲು ಚಾಚಿ ನೋಡಿದ್ದೆ. ನೀನು ಆಸ್ಪತ್ರೆಯಿಂದ ಬಂದ ಮೇಲೆ, ಅದು ಬೇಡ ಎಂದು ಹೇಳಿ ಬರೋಣ ಅಂತ ಒಬ್ಬನೇ ಹೋದೆ. ಅಂಗಡಿಯವನಿಗೆ ಏನು ಗೊತ್ತು ಪಾಪ, ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬಾಗಿಲು ತೆರೆದ. ಎಲ್ಲಿಂದಲೋ ಮಗುವಿನ ಕುರ್ಚಿ ತಂದು, ನೋಡಿ ಎಷ್ಟು ಸುಲಭ ಅಂತ ಸೀಟಿನ ಕೊಂಡಿಗೆ ಸಿಕ್ಕಿಸಿ ತೋರಿಸಿದ. ಕ್ಲಿಕ್ ಅಂತ ಸದ್ದಾಯಿತು. ಎಷ್ಟು ತಿಂಗಳು ಅಂತ ಕೇಳಿದ. ನಾನು ಐದು ಅಂದೆ.

ಪಕ್ಕದಲ್ಲಿ ಈ ಕೆಂಪು ಕಾರು ನಿಂತಿತ್ತು. ಅದಕ್ಕೆ ಹಿಂದಿನ ಸೀಟೇ ಇರಲಿಲ್ಲ. ಇದನ್ನು ಕೊಡಿ ಅಂದೆ.

ಅಷ್ಟೇ ಪಾವನಾ. ಮೂರನೆಯವರು ಬರಬಾರದು ಅಂತ ನಾನು ಎರಡು ಸೀಟಿನದನ್ನು ತರಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಹಿಂದೆ ಖಾಲಿ ಸೀಟು ಕಾಣುವ ಕಾರು ನನಗೆ ಬೇಡವಾಗಿತ್ತು. ಮಗುವಿಗೆ ಇರಾ ಅಂತ ಹೆಸರಿಟ್ಟವರು ನಾವಿಬ್ಬರೇ. ಆಮೇಲೆ ಆ ಹೆಸರು ಎತ್ತದವರೂ ನಾವಿಬ್ಬರೇ. ನೀನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ, ನಾನು ಎತ್ತಿದರೆ ನಿನಗೆ ನೋವಾದೀತು ಅಂದುಕೊಂಡೆ. ನೀನೂ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದೆಯೋ ಏನೋ.

ಕಾರು ಮಾರಬೇಡ ಅಂತ ಇದನ್ನು ಬರೆಯುತ್ತಿಲ್ಲ. ಮಾರು. ಆದರೆ ಯಾಕೆ ತಂದೆ ಅಂತ ಗೊತ್ತಿಲ್ಲದೆ ಮಾರುವುದು ಬೇಡ. ರಜೆಯ ಅಂಚೆ ನಿಧಾನ, ಹನ್ನೊಂದರ ಒಳಗೆ ಇದು ನಿನ್ನ ಕೈ ಸೇರಲಿ.

ಸಂಜಯ್


ಸೋಡರ್‌ಟೆಲ್ಯೆ
೧೩ ಜನವರಿ

ಸಂಜಯ್,

ನಿನ್ನ ಕಾಗದ ಹನ್ನೊಂದರ ಒಳಗೆ ಬರಲಿಲ್ಲ, ಇವತ್ತು ಬಂತು. ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಶನಿವಾರದ ಕಥೆ ಕೇಳು, ಇಲ್ಲದಿದ್ದರೆ ನನಗೆ ಬರೆಯಲು ಆಗುವುದಿಲ್ಲ.

ಶುಕ್ರವಾರ ಸಂಜೆ ಆಫೀಸಿನಿಂದ ಬಂದು ಕಾರಿನ ಮುಂದೆ ನಿಂತೆ. ರಸ್ತೆಗೆ ಸುರಿದ ಉಪ್ಪು, ಕೆಸರು, ಮಂಜು, ಮೈಯೆಲ್ಲ ಗಲೀಜು. ಹೀಗೇ ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ. ಮನೆಯಿಂದ ಏನನ್ನೇ ಆಗಲಿ ಸ್ನಾನ ಮಾಡಿಸದೆ ಕಳಿಸುತ್ತೇವೆಯೇ ನಾವು? ತೊಳೆಯುವ ಜಾಗಕ್ಕೆ ಕೊಂಡೊಯ್ದು, ಕೈಯಾರೆ ಸೋಪು ಹಚ್ಚಿ, ಚಕ್ರದ ಸಂದಿಗೆಲ್ಲ ಪೈಪು ಬಿಟ್ಟು ತೊಳೆದೆ. ಮನೆಗೆ ತಂದು, ಮೂತಿಗೆ ಅರಿಶಿನ ಕುಂಕುಮ ಇಟ್ಟೆ. ಮುಂದಿನ ಎರಡು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ನಾಳೆ ಅವನು ಹೊರಡುವಾಗ ಅವುಗಳ ಮೇಲೆ ಹಾದು ಹೋಗಲಿ ಅಂತ. ನಗಬೇಡ. ಮೇಷ್ಟ್ರು ಹೇಳಿಕೊಟ್ಟಂತೆ ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಕಾರಿನ ತಲೆ ಒಂದು ಸಲ ತಟ್ಟಿ ಒಳಗೆ ಬಂದೆ. ಹೊರಗೆ ಸೊನ್ನೆಗಿಂತ ಹನ್ನೆರಡು ಕೆಳಗಿತ್ತು.

ಬೆಳಿಗ್ಗೆ ಮಾಸ್ತರು ಬಂದ. ಸಾಧು ಮನುಷ್ಯ, ಉಣ್ಣೆ ಟೋಪಿ. ಬಾಗಿಲು ತೆರೆಯಲಿಲ್ಲ, ರಬ್ಬರಿಗೆ ಅಂಟಿಕೊಂಡಿತ್ತು. ಇಬ್ಬರೂ ಜಗ್ಗಿ ತೆಗೆದೆವು. ಇಂಜಿನ್ ಶುರುವಾಯಿತು. ಹ್ಯಾಂಡ್‌ಬ್ರೇಕ್ ಇಳಿಸಿದ, ಗೇರ್ ಹಾಕಿದ, ಕಾರು ಒಂದು ಸಲ ನಡುಗಿ ಸತ್ತಿತು. ಇನ್ನೊಂದು ಸಲ, ಮತ್ತೊಂದು ಸಲ, ಅದೇ ಕಥೆ. ತೊಳೆದ ನೀರೆಲ್ಲ ಬ್ರೇಕಿನೊಳಗೆ ಹೋಗಿ ಹೆಪ್ಪುಗಟ್ಟಿ, ಹಿಂದಿನ ಎರಡೂ ಚಕ್ರ ಕಚ್ಚಿಕೊಂಡುಬಿಟ್ಟಿದ್ದವು. ಅವನು ಕೆಳಗಿಳಿದು, ಬಗ್ಗಿ ನೋಡಿ, ಕಲ್ಲಾಗಿದ್ದ ನಿಂಬೆಹಣ್ಣೊಂದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಇದು ಯಾವ ಭಾಗ ಅಂತ ಕೇಳಿದ. ಚಳಿಗಾಲದಲ್ಲಿ ಈ ದೇಶದಲ್ಲಿ ಯಾರೂ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ ಅಂತ ಬಹಳ ಮರ್ಯಾದೆಯಿಂದ ತಿಳಿಸಿದ. ಯೋಚನೆ ಮಾಡಿ ಹೇಳುತ್ತೇನೆ ಅಂದು, ನಿಂಬೆಹಣ್ಣು ನನ್ನ ಕೈಗೆ ಕೊಟ್ಟು ಹೋದ. ಇಲ್ಲಿ ಯೋಚನೆ ಮಾಡಿ ಹೇಳುತ್ತೇನೆ ಅಂದರೆ ಏನರ್ಥ ಅಂತ ನಿನಗೆ ಗೊತ್ತು.

ನನಗೆ ಬೇಜಾರಾಗಬೇಕಿತ್ತು. ಅವನ ಬೆನ್ನು ತಿರುವಿನಲ್ಲಿ ಮರೆಯಾಗುತ್ತಲೇ ನಿಂಬೆಹಣ್ಣು ಹಿಡಿದುಕೊಂಡು ಮೆಟ್ಟಿಲೇರಿದೆ, ಕುಣಿಯುತ್ತ ಏರಿದೆ ಅಂದರೂ ಸುಳ್ಳಲ್ಲ.

ನಿನ್ನ ಕಾಗದವನ್ನು ಇವತ್ತು ಆ ಕಾರಿನಲ್ಲೇ ಕೂತು ಓದಿದೆ. ಓದಿ ಮುಗಿಸಿ ಹಿಂದೆ ತಿರುಗಿ ನೋಡಿದೆ. ಸೀಟಿನ ಹಿಂದೆ ಗಾಜು, ಅದರಾಚೆ ಡಿಕ್ಕಿ, ಡಿಕ್ಕಿಯೊಳಗೆ ಅಕ್ಕಿ. ನೀನು ಹೇಳಿದ್ದು ಅರ್ಥವಾಯಿತು ಸಂಜಯ್. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದದ್ದು ನಿನ್ನ ಮುಖ ನೋಡಬಾರದು ಅಂತಲ್ಲ. ನನ್ನ ಮುಖ ನಿನಗೆ ಕಾಣಬಾರದು ಅಂತ. ಇರಾ ಅಂತ ಇವತ್ತು ನಾನು ಗಟ್ಟಿಯಾಗಿ ಹೇಳಿದೆ, ಕಾರಿನಲ್ಲಿ, ಒಬ್ಬಳೇ. ಹೇಳಿದರೆ ಏನೋ ಆಗಿಬಿಡುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ, ಸ್ವಲ್ಪ ಹಗುರವಾಯಿತು.

ಜಾಹೀರಾತು ತೆಗೆದುಹಾಕಿದ್ದೇನೆ. ಇದರ ಮೇಲೆ ನೀನು ಏನೇನೋ ಕಟ್ಟಿಕೊಳ್ಳಬೇಡ. ಕಾರಿನ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ಪಾವನಾ


ಕಾರ್ಲ್‌ಸ್ಕ್ರೂನಾ
೨೧ ಜನವರಿ

ಪ್ರಿಯ ಪಾವನಾ,

ಆಫೀಸಿನ ಫಿಕಾ ಹೊತ್ತಿನಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿರುವಾಗ ನಿನ್ನ ಕಾಗದ ಓದಿದೆ. ನಿಂಬೆಹಣ್ಣಿನ ಹತ್ತಿರ ಬಂದಾಗ ಕಾಫಿ ಮೂಗಿಗೆ ಹೋಯಿತು. ಏನಾಯಿತು ಅಂತ ಕೇಳಿದರು. ನನ್ನ ಹೆಂಡತಿ ಕಾರಿಗೆ ಸ್ನಾನ ಮಾಡಿಸಿದಳು ಅಂದೆ. ಅವರಿಗೆ ಇದರಲ್ಲಿ ನಗುವಂಥದ್ದು ಏನಿದೆ ಅಂತ ತಿಳಿಯಲಿಲ್ಲ.

ಹ್ಯಾಂಡ್‌ಬ್ರೇಕಿನ ವಿಷಯ ನಾನೇ ಹೇಳಬೇಕಿತ್ತು, ಮರೆತೆ. ಮರೆತದ್ದೇ ಒಳ್ಳೆಯದಾಯಿತು. ಮುಂದಿನ ಚಕ್ರ ಎಳೆಯುವ ಕಾರಾಗಿದ್ದಿದ್ದರೆ ಕಚ್ಚಿಕೊಂಡ ಹಿಂದಿನ ಚಕ್ರಗಳನ್ನು ದರದರ ಎಳೆದುಕೊಂಡಾದರೂ ಅವನು ಹೊರಟುಬಿಡುತ್ತಿದ್ದನೇನೋ. ಇದು ಹಿಂದಿನ ಚಕ್ರ ತಳ್ಳುವ ಗಾಡಿ, ಹಿಂದಿನದು ಕೂತರೆ ಪೂರ್ತಿ ಕೂತ ಹಾಗೆಯೇ. ಇನ್ನು ಮೇಲೆ ನಿಲ್ಲಿಸುವಾಗ ಗೇರಿನಲ್ಲಿ ಬಿಡು, ಹ್ಯಾಂಡ್‌ಬ್ರೇಕ್ ಮುಟ್ಟಬೇಡ. ಇಳಿಜಾರಾದರೆ ಚಕ್ರಕ್ಕೆ ಒಂದು ಕಲ್ಲು ಕೊಡು. ನಮ್ಮ ಸುದರ್ಶನ್ ಮಾವನ ಮೆಟಡೋರ್‌ಗೆ ಬ್ರೇಕ್ ಸರಿಯಿಲ್ಲದೆ ಅದು ಹೋದಲ್ಲೆಲ್ಲ ನಾನು ಕಲ್ಲು ಹೊತ್ತುಕೊಂಡು ಹಿಂದೆ ಓಡುತ್ತಿದ್ದೆನಲ್ಲ, ಹಾಗೆ.

ಮಧುಸೂದನ್ ಮೇಷ್ಟ್ರ ಕಾರಿನಲ್ಲಿ ನಿನ್ನ ಪಾಠದ ಹೊತ್ತು, ನನ್ನ ಪಾಠದ ಹೊತ್ತು ಒಂದರ ಹಿಂದೆ ಒಂದು ಇದ್ದವು. ನಿನ್ನದು ಮುಗಿಯಲಿ ಅಂತ ನಾನು ಹಿಂದೆ ಕೂತು ಕಾಯುತ್ತಿದ್ದೆ. ನಿನ್ನನ್ನು ನಾನು ಮೊದಲು ನೋಡಿದ್ದೇ ಹಿಂದಿನ ಸೀಟಿನಿಂದ. ಕನ್ನಡಿಯಲ್ಲಿ ನಿನ್ನ ಕಣ್ಣು ಮಾತ್ರ ಕಾಣುತ್ತಿತ್ತು, ನೀನು ಅದರಲ್ಲಿ ನನ್ನನ್ನು ನೋಡಿ ಗುರಾಯಿಸುತ್ತಿದ್ದೆ. ಇದನ್ನು ಇಷ್ಟು ದಿನ ನಾನು ಮರೆತೇ ಬಿಟ್ಟಿದ್ದೆ.

ಈ ವಾರ ಸಮುದ್ರದ ಕಡೆಯಿಂದ ಇಲ್ಲಿಗೂ ಹಿಮ ಬಂದಿದೆ. ಈ ಊರು ದ್ವೀಪಗಳ ಮೇಲಿದೆ, ನಾನಿರುವ ಬೀದಿ ಗುಡ್ಡದಿಂದ ನೇರ ಬಂದರಿಗೆ ಇಳಿಯುತ್ತದೆ. ಬೆಳಿಗ್ಗೆ ಮಕ್ಕಳು ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ಜಾರಿಕೊಂಡೇ ಶಾಲೆಗೆ ಹೋಗುತ್ತಾರೆ. ಮೊದಮೊದಲು ಅವರ ಕೂಗು ಕೇಳಿಸಿದರೆ ಕಿಟಕಿ ಹಾಕುತ್ತಿದ್ದೆ. ಈಗ ಹಾಕುವುದಿಲ್ಲ.

ಲೈಸೆನ್ಸ್ ಪರೀಕ್ಷೆ ಮಾರ್ಚ್‌ನಲ್ಲಿದೆ. ಬಾ ಅಂತ ಕರೆಯುವ ಧೈರ್ಯ ಈ ಕಾಗದಕ್ಕಿಲ್ಲ. ಕರೆಯಬೇಕು ಅನ್ನುವ ಆಸೆ ಇದೆ ಅಂತ ಮಾತ್ರ ಬರೆಯುತ್ತೇನೆ. ನೀನಿಲ್ಲದೆ ಇಲ್ಲಿ ನನಗೆ ಚೆನ್ನಾಗಿಲ್ಲ ಪಾವನಾ.

ನಿನ್ನ
ಸಂಜಯ್


ಸೋಡರ್‌ಟೆಲ್ಯೆ
೯ ಫೆಬ್ರವರಿ

ಪ್ರಿಯ ಸಂಜಯ್,

ಹದಿನೈದನೇ ತಾರೀಖು ಶನಿವಾರ ಬೆಳಕು ಹರಿಯುತ್ತಲೇ ಇಲ್ಲಿಂದ ಹೊರಡುತ್ತೇನೆ. ರೈಲಿನಲ್ಲಲ್ಲ. ನಾರ್‌ಶೋಪಿಂಗ್‌ವರೆಗೆ ದೊಡ್ಡ ರಸ್ತೆ, ಅಲ್ಲಿಂದ ಕರಾವಳಿ ಹಿಡಿದು ಕಾಲ್ಮಾರ್, ಅಲ್ಲಿಂದ ನಿನ್ನೂರು. ಹಿಮ ಬೀಳುತ್ತದೆ ಅಂತ ಹವಾಮಾನದವರು ಹೇಳುತ್ತಿದ್ದಾರೆ. ಬೀಳಲಿ. ಬಾಲ ಹೋದರೆ ಏನು ಮಾಡಬೇಕು ಅಂತ ನನಗೆ ಗೊತ್ತು, ಹಾರ್ನ್ ಅಂತೂ ಹೊಡೆಯುವುದಿಲ್ಲ.

ಎಲ್ಲ ಸರಿಹೋಯಿತು ಅಂತ ನಾನು ಬರುತ್ತಿಲ್ಲ. ನಿನ್ನ ಮೇಲೆ ನನಗೆ ಇನ್ನೂ ಒಂದಷ್ಟು ಕೋಪ ಇದೆ. ನೀನು ರೈಲು ಹತ್ತಿ ಹೋದದ್ದಕ್ಕೆ ಇರುವುದು ಬೇಗ ಹೋಗುವ ಕೋಪವಲ್ಲ. ಅದನ್ನು ಅಂಚೆಯಲ್ಲಿ ಕಳಿಸಿ ಸಾಕಾಗಿದೆ, ಎದುರಿಗೇ ಮಾಡುತ್ತೇನೆ. ಮಾರ್ಚ್ ಕೊನೆಯ ಭೇಟಿಗೆ ಇಬ್ಬರೂ ಒಟ್ಟಿಗೇ ಬರುತ್ತೇವೆ ಅಂತ ಮರ್ಗರೇಟಾಗೆ ಹೇಳಿದ್ದೇನೆ. ಅವರ ಮುಂದೆ ಕೂತು ಏನು ಹೇಳುವುದು ಅನ್ನುವುದನ್ನು ನಾವು ಮೊದಲು ಮಾತಾಡಿಕೊಳ್ಳಬೇಕಲ್ಲ.

ಅಕ್ಕಿ ಡಿಕ್ಕಿಯಲ್ಲೇ ಇದೆ. ಒಂದು ಮೂಟೆ ನಿನ್ನ ಮನೆಗೆ ಇಳಿಸೋಣ, ಇನ್ನೊಂದು ಹಾಗೇ ಇರಲಿ. ಹಿಂದೆ ಸ್ವಲ್ಪ ಭಾರ ಇದ್ದರೆ ಈ ಕಾರು ನೆಟ್ಟಗೆ ಹೋಗುತ್ತದೆ ಅಂತ ಈ ಚಳಿಗಾಲದಲ್ಲಿ ನೋಡಿದ್ದೇನೆ. ಅದನ್ನು ಪೂರ್ತಿ ಇಳಿಸಿಬಿಡುವುದು ನನಗೆ ಬೇಡ. ನಿನಗೂ ಬೇಡ ಅಂದುಕೊಂಡಿದ್ದೇನೆ. ನಾಹಿದ್ ಚಪಾತಿ ಕಟ್ಟಿಕೊಡುತ್ತಾಳಂತೆ, ದಾರಿಯಲ್ಲಿ ತಿಂದು ಉಳಿದರೆ ನಿನಗೆ.

ಇನ್ನೊಂದು ಮುಖ್ಯವಾದ ವಿಷಯ. ನಿನ್ನ ಬೀದಿ ಇಳಿಜಾರು ಅಂದೆ. ಹ್ಯಾಂಡ್‌ಬ್ರೇಕ್ ಮುಟ್ಟಬೇಡ, ಚಕ್ರಕ್ಕೆ ಕಲ್ಲು ಕೊಡು ಅಂದೆ. ಹೇಳುವುದೇನೋ ಸುಲಭ. ಹೋದ ವಾರ ಇಲ್ಲೇ ಆಸ್ಪತ್ರೆಯ ಹತ್ತಿರದ ಏರಿನಲ್ಲಿ ನಿಲ್ಲಿಸಿ ನೋಡಿದೆ. ಇಳಿದು ಕಲ್ಲಿಡೋಣ ಅಂತ ಬ್ರೇಕಿನಿಂದ ಕಾಲು ತೆಗೆದರೆ, ಗೇರಿನಲ್ಲಿದ್ದರೂ ಮಂಜಿನ ಮೇಲೆ ಕಾರು ಮೆಲ್ಲಗೆ ಹಿಂದೆ ಸರಿಯುತ್ತದೆ, ಮತ್ತೆ ಬ್ರೇಕ್ ಒತ್ತಿ ಕೂತರೆ ಕಲ್ಲಿಡುವವರು ಯಾರು? ಮೂರು ಸಲ ನೋಡಿ ಕೈಬಿಟ್ಟೆ. ಒಬ್ಬರಿಂದ ಆಗುವ ಕೆಲಸ ಅಲ್ಲ ಅದು.

ಶನಿವಾರ ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಬಂದೇನು. ನಾನು ಬ್ರೇಕ್ ಒತ್ತಿಕೊಂಡು ಕೂತಿರುತ್ತೇನೆ. ನೀನು ಕಲ್ಲು ಹಿಡಿದುಕೊಂಡು ಕೆಳಗೆ ಬೀದಿಯಲ್ಲಿ ನಿಂತಿರು.

ನಿನ್ನ
ಪಾವನಾ